ಆಕ್ಟೇವಿಯಾ ವಿಆರ್‌ಎಸ್ ಕಾರಿಗೆ ಸುಲಿಯುವ ಬಣ್ಣ: ಮಳೆಗಾಲಕ್ಕೆ ಮೊದಲು ಹೊಡೆಸಬಹುದಾ?

ಪ್ರಶ್ನೆ (ಕೆಎ 20, ಮಲ್ಪೆ): ನನ್ನದು ಬಿಳಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರು, 230 ಎಚ್‌ಪಿ. ಪ್ಲಾಸ್ಟಿ ಡಿಪ್‌ನಲ್ಲಿ (ಬೇಡವಾದಾಗ ಸುಲಿದು ತೆಗೆಯುವ ರಬ್ಬರಿನಂಥ ಬಣ್ಣ) ಮ್ಯಾಟ್ ಬೂದು ಮಾಡಿಸುವ ಆಸೆ ಉಂಟು. ಉಪ್ಪುಗಾಳಿಗೆ ನಿಲ್ತದಾ? ಒಳಗಿನ ಪೇಂಟ್ ಹಾಳಾಗ್ತದಾ?

ಉತ್ತರ (ಸುರತ್ಕಲ್): ನಾನು ನನ್ನ ಕೆಂಪು ಪೋಲೊ ಕಾರಿಗೆ ಮಾಡಿಸಿದ್ದೆ. ಕಂಪನಿ ಪೇಂಟ್ ಗಟ್ಟಿ ಇದ್ದರೆ ಏನೂ ಆಗುದಿಲ್ಲ. ಬಂಪರ್ ಮೊದಲೇ ಹೊರಗೆ ರೀಪೇಂಟ್ ಆಗಿದ್ದರೆ ಮಾತ್ರ ಜಾಗ್ರತೆ, ಸುಲಿಯುವಾಗ ಅದೂ ಒಟ್ಟಿಗೆ ಬರಬಹುದು. ನನಗೆ ಹೊಡೆದುಕೊಟ್ಟವರು ಮೂರೇ ಕೋಟ್ ಹಾಕಿದ್ದರು ಮಾರಾಯ್ರೆ! ತೆಗೆಯುವಾಗ ಹಾಳೆಯಾಗಿ ಬರ್ಲೇ ಇಲ್ಲ, ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದ ಹಾಗೆ ಚೂರು ಚೂರು. ಕೊನೆಗೆ ಅದರ ಮೇಲೆಯೇ ದಪ್ಪ ಎರಡು ಕೋಟ್ ಹೊಡೆದು, ಒಣಗಿಸಿ, ಬಾನೆಟ್ ಮೂಲೆಯಿಂದ ಎಳೆದೆ. ಆಗ ಇಡೀ ಬಾನೆಟ್‌ನದ್ದು ರಬ್ಬರ್ ಶೀಟಿನ ಹಾಗೆ ಬಂತು, ಕೆಳಗೆ ಕೆಂಪು ಹೊಸದರ ಹಾಗೆ! ಐದು ಕೋಟ್‌ಗಿಂತ ಕಡಿಮೆ ಒಪ್ಪಬೇಡಿ. ಮೊದಲು ಹಳೆ ವ್ಯಾಕ್ಸ್ ಪೂರ್ತಿ ತೆಗೆಸಿ, ಇಲ್ಲದಿದ್ದರೆ ಅಂಚು ಏಳ್ತದೆ. ಪೆಟ್ರೋಲ್ ಮುಚ್ಚಳದ ಹತ್ತಿರ ಒಂದು ಹನಿ ಬಿದ್ದರೂ ಕರಗ್ತದೆ, ಬಂಕಿನಲ್ಲಿ ಇಳಿದು ನಿಂತು ಹೇಳಿ.

ಉತ್ತರ (ಕದ್ರಿ): ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಸುಲಿಯುವುದಾದರೂ ಬಣ್ಣ ಬಣ್ಣವೇ. ಮೊದಲು ಆರ್‌ಟಿಒದಲ್ಲಿ ಕೇಳಿ.

ಪ್ರಶ್ನೆ ಕೇಳಿದವರು: ಹಿಂದಿನ ಬಂಪರ್ ರೀಪೇಂಟ್ ಆಗಿದೆ! ಅದನ್ನು ಬಿಡ್ತೇನೆ. ಹೊಡೆಸುದು ಯಾವಾಗ?

ಸುರತ್ಕಲ್: ಡಿಸೆಂಬರ್, ಜನವರಿ. ಜೂನ್ ಹತ್ತಿರದ ತೇವದಲ್ಲಿ ಒಣಗುದೇ ಕಷ್ಟ, ಬಿಳಿ ಮಸುಕು ಕೂರ್ತದೆ. ಆರು ತಿಂಗಳು ಕಾಯಿರಿ.