ಸಹಾಯ ಬೇಕು: ಅಮೆರಿಕದ ಲೂನಿ ಟ್ಯೂನ್ಸ್ ಡಿವಿಡಿ ಇಲ್ಲಿ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಅಕ್ಕ ಊರಿಗೆ ಬರುವಾಗ ಲೂನಿ ಟ್ಯೂನ್ಸ್ ಗೋಲ್ಡನ್ ಕಲೆಕ್ಷನ್‌ನ ಮೊದಲ ಸಂಪುಟ ತಂದುಕೊಟ್ಟಿದ್ದಾಳೆ. 2003ರಲ್ಲಿ ಬಂದದ್ದು, 4 ಡಿಸ್ಕ್, 56 ಕಿರುಚಿತ್ರಗಳು. ಬಗ್ಸ್ ಬನ್ನಿ, ಡ್ಯಾಫಿ ಡಕ್ ಎಲ್ಲರೂ ಇದ್ದಾರೆ. ಕೆಲವು ಚಿತ್ರಗಳಿಗೆ ಆ್ಯನಿಮೇಷನ್ ಇತಿಹಾಸಕಾರರ ವಿವರಣೆಯೂ ಇದೆ. ಅದನ್ನು ಕೇಳಬೇಕೆಂದೇ ಆಸೆಪಟ್ಟು ತರಿಸಿಕೊಂಡೆ.

ಆದರೆ ಡಬ್ಬಿಯ ಹಿಂದೆ ಪುಟ್ಟ ಭೂಗೋಳದ ಗುರುತಿನೊಳಗೆ 1 ಎಂದಿದೆ. ಅದು ಡಿವಿಡಿ ವಲಯ, ಅಂದರೆ ಡಿಸ್ಕ್ ಜಗತ್ತಿನ ಯಾವ ಭಾಗದ ಪ್ಲೇಯರ್‌ಗಳಲ್ಲಿ ಓಡಬೇಕು ಎಂಬುದರ ಸಂಖ್ಯೆ; ಭಾರತದ್ದು ವಲಯ 5. ಟಿವಿಗೆ ಜೋಡಿಸಿರುವ ಪ್ಲೇಯರ್ ಡಿಸ್ಕನ್ನು ಸ್ವಲ್ಪ ಹೊತ್ತು ತಿರುಗಿಸಿ, ವಲಯ ತಪ್ಪು ಎಂದು ತೋರಿಸಿ ನಿಂತುಬಿಡುತ್ತದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಹಾಕಿ ನೋಡಿದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಡ್ರೈವ್‌ನ ವಲಯವನ್ನು 5 ಸಲ ಮಾತ್ರ ಬದಲಿಸಬಹುದಂತೆ. ನನ್ನದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಕೊನೆಯ ಅವಕಾಶವಷ್ಟೇ ಉಳಿದಿದೆ. ಅದನ್ನು ಬಳಸಿದರೆ ಮನೆಯಲ್ಲಿರುವ ಕನ್ನಡ ಸಿನಿಮಾ ಡಿಸ್ಕ್‌ಗಳ ಗತಿ ಏನೆಂಬುದೇ ಚಿಂತೆ.

ಡ್ರೈವನ್ನು ವಲಯ 1ಕ್ಕೆ ಬದಲಿಸುವುದೋ, ಅದನ್ನು ಮುಟ್ಟದೆ ಎಲ್ಲ ವಲಯಗಳ ಡಿಸ್ಕ್ ಓಡಿಸುವ ಬೇರೆ ಪ್ಲೇಯರ್ ಕೊಳ್ಳುವುದೋ? ಕೊಳ್ಳುವುದಾದರೆ, ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಚಿತ್ರಪದ್ಧತಿ) ಡಿಸ್ಕನ್ನೂ ಸರಿಯಾಗಿ ತೋರಿಸುವ ಯಾವ ಮಾದರಿ ಈಗ ಬೆಂಗಳೂರಿನಲ್ಲಿ ಸಿಗುತ್ತದೆ? ಬಳಸಿದವರು ದಯವಿಟ್ಟು ತಿಳಿಸುವಿರಾ?