ಮಗಳು ಇನ್ನು ಒಬ್ಬಳೇ ಸ್ಕೂಟರ್‌ನಲ್ಲಿ ಕಾಲೇಜಿಗೆ ಹೋಗ್ತಾಳಂತೆ, ನನಗೆ ಭಯ. ಏನು ಮಾಡಲಿ?

ಬೋಗಾದಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 18 ತುಂಬಿತು. ಆರ್‌ಟಿಓ ಟೆಸ್ಟ್ ಪಾಸಾಗಿ ಡಿಎಲ್ ಕೂಡ ಕೈಗೆ ಬಂತು. ಇಲ್ಲಿಯವರೆಗೆ ಹಿಂದೆ ಅವರಪ್ಪ ಕೂತಿರುತ್ತಿದ್ದರು. ಈಗ ಸೋಮವಾರದಿಂದ ಒಬ್ಬಳೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ, ಕಾಲೇಜು ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಚೆ. ಅಂದರೆ ರಿಂಗ್ ರೋಡ್ ಹಿಡಿಯಬೇಕು, ಹಿನಕಲ್ ಜಂಕ್ಷನ್ ದಾಟಬೇಕು, ಆಮೇಲೆ ಫ್ಯಾಕ್ಟರಿ ಲಾರಿಗಳ ಜೊತೆ ಹೋಗಬೇಕು. ಬಡಾವಣೆ ಒಳಗೆ ಚೆನ್ನಾಗಿ ಓಡಿಸ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಸ್ತೆ ನೆನೆಸಿಕೊಂಡರೆ ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಯಜಮಾನರು "ಸುಮ್ನೆ ಹೆದರಿಸಬೇಡ, ಎಷ್ಟು ದಿನ ಸೆರಗಲ್ಲಿ ಕಟ್ಟಿಕೊಂಡಿರ್ತೀಯ" ಅಂತಾರೆ. ಬಿಡಲೋ ಬೇಡವೋ? ಬಿಟ್ಟರೆ ದಾರಿ ಮಧ್ಯೆ ಫೋನ್ ಮಾಡಿ ವಿಚಾರಿಸಬಹುದಾ? ಇನ್ನೊಂದು ವಿಷಯ, ಮಗನಿಗೆ 17. ಅಕ್ಕನಿಗೆ ಕೊಟ್ಟರೆ ನನಗೂ ಏರಿಯಾ ಒಳಗೆ ಓಡಿಸೋಕೆ ಗಾಡಿ ಕೊಡಿ ಅಂತ ಅವನೂ ಶುರು ಮಾಡಿದ್ದಾನೆ.

ಹಾಸನದ ಅಪ್ಪ:
ಮೇಡಂ, ಬಿಡಿ. ಆದರೆ ಸೋಮವಾರವೇ ಬೇಡ. ನನ್ನ ಮಗಳು ಓಡಿಸೋಕೆ ಶುರು ಮಾಡಿದಾಗ ನಾನು ಬೇರೆ ಬೈಕಲ್ಲಿ ಅವಳ ಹಿಂದೆ ಹಿಂದೆ ಹೋಗ್ತಿದ್ದೆ. ಹಿಂದಿನ ಸೀಟಲ್ಲಿ ಕೂತರೆ ಅವಳು ನಮ್ಮ ಧೈರ್ಯದಲ್ಲಿ ಓಡಿಸ್ತಾಳೆ, ನಮಗೂ ಅವಳ ತಪ್ಪು ಕಾಣಲ್ಲ. ಹಿಂದಿನಿಂದ ನೋಡಿದಾಗಲೇ ಗೊತ್ತಾಗೋದು, ಲಾರಿ ಎಡಕ್ಕೆ ತಿರುಗೋ ಜಾಗದಲ್ಲಿ ಇವಳು ಸರಿಯಾಗಿ ಅದರ ಎಡಗಡೆಗೇ ನುಗ್ಗುತ್ತಿದ್ದಳು. ಅಲ್ಲಿರೋ ಸ್ಕೂಟರ್ ಡ್ರೈವರ್‌ಗೆ ಕಾಣೋದೇ ಇಲ್ಲ. ಸಂಜೆ ನಿಂತಿದ್ದ ಒಂದು ಲಾರಿ ಹತ್ತಿರ ಕರ್ಕೊಂಡು ಹೋದೆ, ಡ್ರೈವರ್ ಅಣ್ಣ ಪಾಪ ಇವಳನ್ನೇ ಸೀಟಿಗೆ ಹತ್ತಿಸಿ ಕೂರಿಸಿದರು. ನಾನು ಎಡಗಡೆ ಬಾಗಿಲ ಕೆಳಗೆ ನಿಂತೆ. "ಅಪ್ಪಾ, ನೀನು ಕಾಣ್ತಾನೇ ಇಲ್ಲ" ಅಂದಳು. ಅವತ್ತಿಂದ ಲಾರಿ ಪಕ್ಕ ಹೋಗೋದು ಬಿಟ್ಟಳು, ನಾನು ನೂರು ಸಲ ಹೇಳಿದ್ದರೂ ಅದು ತಲೆಗೆ ಹೋಗ್ತಿರಲಿಲ್ಲ.

ಅಭ್ಯಾಸಾನ ಕಾಲೇಜಿನ ಹೊತ್ತಿಗೇ ಮಾಡಿಸಿ. ಭಾನುವಾರ ಬೆಳಿಗ್ಗೆ ಖಾಲಿ ರಿಂಗ್ ರೋಡಲ್ಲಿ ಓಡಿಸಿದ್ದು ಲೆಕ್ಕಕ್ಕೆ ಬರಲ್ಲ.

ಡ್ರೈವಿಂಗ್ ಕಲಿಸುವವಳು:
ನಾನು ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸ್ತೀನಿ. ಆರ್‌ಟಿಓದಲ್ಲಿ ಎಂಟು ಹಾಕಿ ಕಾಲು ಕೆಳಗಿಡದೆ ಬಂದರೆ ಬ್ಯಾಲೆನ್ಸ್ ಇದೆ ಅಂತಷ್ಟೇ ಅರ್ಥ, ಟ್ರಾಫಿಕ್ ಬರುತ್ತೆ ಅಂತಲ್ಲ. ಮೊದಲು ಬ್ರೇಕ್ ನೋಡಿ. ತುಂಬಾ ಜನ ಒಂದೇ ಕೈಯಲ್ಲಿ ಹಿಡೀತಾರೆ. 2019ರ ಏಪ್ರಿಲ್‌ನಿಂದ ಹೊಸ 125 ಸಿಸಿವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್ ಕಡ್ಡಾಯ ಆಗಿದೆ, ಸ್ಕೂಟರಲ್ಲಿ ಎಡಗೈ ಬ್ರೇಕ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬೀಳುತ್ತೆ. ಅದನ್ನೇ ನಂಬಬೇಡಿ, ಎರಡೂ ಕೈ ಸಮ ಹಿಡಿಯೋದು ಕೈಗೆ ರೂಢಿ ಆಗಬೇಕು. ಖಾಲಿ ಮೈದಾನದಲ್ಲಿ ನಲವತ್ತರ ಸ್ಪೀಡಲ್ಲಿ ಬಂದು ಹ್ಯಾಂಡಲ್ ನೇರ ಇಟ್ಟು ನಿಲ್ಲಿಸೋದನ್ನ ಮಾಡಿಸಿ. ತಿರುವಿನಲ್ಲಿ ಮರಳಿದ್ದರೆ ಬ್ರೇಕ್ ಮುಟ್ಟಲೇಬಾರದು, ತಿರುವಿಗೆ ಮೊದಲೇ ಸ್ಪೀಡ್ ಇಳಿಸಿರಬೇಕು. ಮೊದಲ ಮಳೆ ಬಿದ್ದ ದಿನ ಧೂಳು, ಆಯಿಲ್ ಎಲ್ಲ ಸೇರಿ ರಸ್ತೆ ಜಾರುತ್ತೆ. ಅವತ್ತು ಬಸ್ಸಲ್ಲಿ ಹೋಗಲಿ.

ದುಪಟ್ಟಾ ವಿಷಯ ಚಿಕ್ಕದು ಅನಿಸಬಹುದು, ಅಲ್ಲ. ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಕುತ್ತಿಗೆಗೇ ಬರುತ್ತೆ. ಬ್ಯಾಗಿಗೆ ಹಾಕಿಕೊಳ್ಳಲಿ. ಐಎಸ್‌ಐ ಗುರುತಿರುವ, ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ ಕೊಡಿಸಿ, ಪಟ್ಟಿ ಕ್ಲಿಕ್ ಅನ್ನಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ ಅಲ್ಲಾಡುತ್ತಿದ್ದರೆ ಸೈಜು ದೊಡ್ಡದು ಅಂತ.

ಬೆಂಗಳೂರಿನ ಸ್ಟೂಡೆಂಟ್:
ಆಂಟಿ, ನನಗೆ 20, ನಾನೂ ಸ್ಕೂಟರ್‌ನಲ್ಲೇ ಕಾಲೇಜಿಗೆ ಹೋಗೋದು. ದಯವಿಟ್ಟು ದಾರಿ ಮಧ್ಯೆ ಫೋನ್ ಮಾಡಬೇಡಿ. ಜೇಬಲ್ಲಿ ಫೋನ್ ಬಡ್ಕೊಳ್ತಾ ಇದ್ದರೆ, ಅಮ್ಮಂದೇ ಅಂತ ಗೊತ್ತಿದ್ದರೆ, ಎತ್ತದೇ ಇದ್ದರೆ ಗಾಬರಿ ಆಗ್ತಾರಲ್ಲ ಅಂತ ನಮ್ಮ ಗಮನ ಪೂರ್ತಿ ಅಲ್ಲೇ ಹೋಗುತ್ತೆ. ಆಮೇಲೆ ಒಂದು ಕೈ ಹ್ಯಾಂಡಲ್ ಬಿಡುತ್ತೆ. ನಮ್ಮ ಮನೆಯಲ್ಲಿ ಹೊರಡೋ ಮುಂಚೆ ಲೈವ್ ಲೊಕೇಶನ್ ಹಾಕ್ತೀನಿ, ತಲುಪಿ ಗಾಡಿ ಸ್ಟ್ಯಾಂಡ್ ಹಾಕಿದ ಮೇಲೆ ಮೆಸೇಜ್ ಮಾಡ್ತೀನಿ, ಅಷ್ಟೇ. ಲೊಕೇಶನ್ ಒಂದು ಕಡೆ ನಿಂತರೆ ಸಿಗ್ನಲ್ ಇರಬಹುದು, ಪೆಟ್ರೋಲ್ ಬಂಕ್ ಇರಬಹುದು, ತಕ್ಷಣ ಕೆಟ್ಟದ್ದೇ ಯೋಚನೆ ಮಾಡಬೇಡಿ.

ಲೇಟಾಗಿ ಬಂದರೆ ಬೈಯಲ್ಲ ಅಂತ ಬಾಯಿಬಿಟ್ಟು ಹೇಳಿ. ನಾವು ಜೋರಾಗಿ ಓಡಿಸೋದು ಜಾಸ್ತಿ ಅಟೆಂಡೆನ್ಸ್‌ಗೆ ಅಥವಾ ಮನೆಯಲ್ಲಿ ಬೈಗುಳ ತಪ್ಪಿಸೋಕೆ. ಮತ್ತೆ ಫ್ರೆಂಡ್ಸ್ ಜೊತೆ ಶ್ರೀರಂಗಪಟ್ಟಣ ಅಂತ ಪ್ಲಾನ್ ಆದರೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಸ್ಕೂಟರ್ ಬಿಡಲ್ಲ, ಸರ್ವಿಸ್ ರೋಡಲ್ಲೇ ಹೋಗಬೇಕು ಅಂತ ಮೊದಲೇ ಹೇಳಿರಿ.

ಕ್ಯಾಲಿಫೋರ್ನಿಯಾ ಕನ್ನಡತಿ:
ಅಕ್ಕ, ಇಲ್ಲಿ ನಮ್ಮ ಹುಡುಗ 16ಕ್ಕೇ ಕಾರ್ ತಗೊಂಡು ಒಬ್ಬನೇ ಹೊರಟ, ನನ್ನ ಹೊಟ್ಟೆ ಒಳಗೆ ಏನಾಗ್ತಿತ್ತು ಅಂತ ನಿಮಗೆ ಅರ್ಥ ಆಗುತ್ತೆ. ಆದರೆ ಇಲ್ಲಿಯ ಕಾನೂನೇ ಸ್ವಲ್ಪ ಸ್ವಲ್ಪವಾಗಿ ಬಿಡೋ ಥರ ಇದೆ. ಕಲಿಯೋ ಪರ್ಮಿಟ್ ಸಿಕ್ಕಿ ಕನಿಷ್ಠ 6 ತಿಂಗಳು, ದೊಡ್ಡವರ ಜೊತೆ 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಲೈಸೆನ್ಸ್ ಬಂದ ಮೇಲೂ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸೋ ಹಾಗಿಲ್ಲ, ಜೊತೆಯಲ್ಲಿ ದೊಡ್ಡವರಿಲ್ಲದೆ 20ರ ಒಳಗಿನ ಸ್ನೇಹಿತರನ್ನ ಕೂರಿಸಿಕೊಳ್ಳೋ ಹಾಗಿಲ್ಲ. ಶಾಲೆ, ಕೆಲಸ, ಆಸ್ಪತ್ರೆ ಅಂತ ವಿನಾಯಿತಿ ಉಂಟು. ಊರಲ್ಲಿ ಹಾಗಿಲ್ಲ, 18 ಆಗಿ ಡಿಎಲ್ ಬಂದರೆ ಮಾರನೇ ದಿನವೇ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಗಾಗಿ ನೀವೇ ಮನೆಯಲ್ಲಿ ಮಾಡಿಕೊಳ್ಳಿ. ಕೆಲವು ತಿಂಗಳು ಹಿಂದಿನ ಸೀಟಲ್ಲಿ ಯಾರನ್ನೂ ಕೂರಿಸಬಾರದು, ಕತ್ತಲಾದ ಮೇಲೆ ಬೇಡ. ಯಾವಾಗ ಸಡಿಲ ಮಾಡ್ತೀರಿ ಅನ್ನೋದನ್ನೂ ಇವತ್ತೇ ಅವಳಿಗೆ ಹೇಳಿಬಿಡಿ, ಇಲ್ಲಾಂದ್ರೆ ನಂಬಿಕೆ ಇಲ್ಲ ಅಂತ ಮಕ್ಕಳಿಗೆ ಬೇಜಾರಾಗುತ್ತೆ.

ಹಾಸನದ ಅಪ್ಪ:
ಮಗನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕೊಡಲೇಬೇಡಿ ಮೇಡಂ, ಬೀದಿ ಕೊನೆಯ ಅಂಗಡಿಗೂ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅಂತ ಸೇರಿಸಿದ್ದಾರೆ. ಅಪ್ರಾಪ್ತರು ಓಡಿಸಿ ಅಪರಾಧ ಆದರೆ ಹೆತ್ತವರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸ್ ಸಿಗಲ್ಲ. 16ಕ್ಕೆ ಲೈಸೆನ್ಸ್ ಸಿಗುತ್ತಲ್ಲ ಅಂತ ಅವನು ವಾದ ಮಾಡಬಹುದು, ಅದು 50 ಸಿಸಿ ಒಳಗಿನ ಗಾಡಿಗೆ ಮಾತ್ರ, ನಿಮ್ಮ ಮನೆಯ ಸ್ಕೂಟರ್‌ಗೆ ಅಲ್ಲ. ದುಡ್ಡು ಜೈಲು ಎಲ್ಲ ಇರಲಿ, ಎದುರಿಗೆ ಬಂದವರಿಗೆ ಏನಾದರೂ ಆದರೆ ಹುಡುಗ ಅದನ್ನ ಹೊತ್ತುಕೊಂಡು ಬದುಕಬೇಕು. ಕೀ ನಿಮ್ಮ ಹತ್ತಿರವೇ ಇರಲಿ.

ಬೋಗಾದಿ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಮಾತುಗಳನ್ನ ಮಗಳಿಗೂ ಓದಿಸಿದೆ, ಲಾರಿದು ಓದಿ ಸುಮ್ಮನಾದಳು. ಸೋಮವಾರದಿಂದ ಅವರಪ್ಪ ಬೈಕಲ್ಲಿ ಹಿಂದೆ ಹೋಗ್ತಾರೆ, ಒಬ್ಬಳೇ ಯಾವಾಗ ಅನ್ನೋದು ಅವರಿಬ್ಬರೂ ಸೇರಿ ಹೇಳಲಿ. ಹಿಂದೆ ಯಾರನ್ನೂ ಕೂರಿಸಲ್ಲ ಅಂತ ಒಪ್ಪಿದ್ದಾಳೆ, ಸಂಜೆ ಲ್ಯಾಬ್ ಇರೋ ದಿನ ಮಾತ್ರ ಕತ್ತಲಾಗುತ್ತಲ್ಲ, ಅವತ್ತು ಬಸ್ಸು ಅಂದರೆ ಮುಖ ಊದಿಸಿಕೊಂಡಿದ್ದಾಳೆ. ಫೋನ್ ಮಾಡಲ್ಲ ಅಂತ ನಾನೂ ಮಾತು ಕೊಟ್ಟೆ. ಡ್ರೈವಿಂಗ್ ಕಲಿಸೋ ಮೇಡಂ, ಕನ್ನಡಕ ಹಾಕೋರಿಗೆ ಪೂರ್ತಿ ಮುಚ್ಚೋ ಹೆಲ್ಮೆಟ್ ಒಳಗೆ ಗಾಜಿಗೆ ಮಂಜು ಕಟ್ಟುತ್ತಲ್ಲ, ಅದಕ್ಕೇನು ಮಾಡೋದು?

ಡ್ರೈವಿಂಗ್ ಕಲಿಸುವವಳು:
ಗದ್ದದ ಹತ್ತಿರ ಗಾಳಿ ಕಿಂಡಿ ಇರೋದನ್ನ ನೋಡಿ ತಗೊಳ್ಳಿ. ಅಂಗಡಿಗೆ ಅವಳನ್ನೇ ಕರ್ಕೊಂಡು ಹೋಗಿ, ಕನ್ನಡಕ ಹಾಕಿಕೊಂಡೇ ಹೆಲ್ಮೆಟ್ ಹಾಕಿ ನೋಡಲಿ. ಕನ್ನಡಕದ ಕಡ್ಡಿ ಕಿವಿ ಮೇಲೆ ಒತ್ತಬಾರದು. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಜು ಒಂದು ಬೆರಳಷ್ಟು ಎತ್ತಿದರೆ ಮಂಜು ಹೋಗುತ್ತೆ. ಕಪ್ಪು ಗಾಜಿಂದು ಬೇಡ, ಸಂಜೆ ಏನೂ ಕಾಣಲ್ಲ.