ಗಾಳಕ್ಕೆ ಎಷ್ಟು ಜಾತಿಯ ಮೀನು ಸಿಕ್ಕಾವು? ಕೃಷ್ಣೆ, ಘಟಪ್ರಭೆ, ಮಲಪ್ರಭೆ ಕಡೆಯವರ ಅನುಭವ

ಪ್ರಶ್ನೆ: ಕೆಲಸಕ್ಕೆ ಅಂತ ಬಾಗಲಕೋಟೆಗೆ ಬಂದಿದ್ದೇನೆ. ದೊಡ್ಡ ಮೀನಿನ ಆಸೆ ನನಗಿಲ್ಲ. ವರ್ಷದೊಳಗೆ ಗಾಳದಲ್ಲಿ ಆದಷ್ಟು ಬೇರೆ ಬೇರೆ ಜಾತಿ ಹಿಡಿದು, ಫೋಟೋ ತೆಗೆದು, ವಾಪಸ್ ನೀರಿಗೆ ಬಿಡಬೇಕು ಅಂತಿದೆ. ಈವರೆಗೆ ರೋಹು, ಜಿಲೇಬಿ (ತಿಲಾಪಿಯಾ) ಬಿಟ್ಟರೆ ಏನೂ ಸಿಕ್ಕಿಲ್ಲ. ಎಲ್ಲಿಂದ ಶುರು ಮಾಡಲಿ?

ಬಾಗಲಕೋಟೆಯಿಂದ: ಮೊದಲು ಕೊಕ್ಕೆ ಬದಲಿಸಿ. ರೋಹುಗೆ ಅಂತ ತಂದ ದೊಡ್ಡ ಕೊಕ್ಕೆ ಹಾಕಿಕೊಂಡು ಕೂತರೆ ವರ್ಷವಿಡೀ ಅದೇ ಎರಡು ಮೀನು. ನಮ್ಮ ಹೊಳೆಗಳಲ್ಲಿ ಜಾತಿ ಜಾಸ್ತಿ ಇರುವುದು ಬೆರಳುದ್ದದ ಮೀನುಗಳಲ್ಲಿ. 16ರಿಂದ 20ನೇ ನಂಬರಿನ ಕೊಕ್ಕೆ ತನ್ನಿ. ನಂಬರ್ ಏರಿದಷ್ಟೂ ಕೊಕ್ಕೆ ಚಿಕ್ಕದು. ತೆಳು ದಾರ, ಪುಟ್ಟ ಬೆಂಡು, ಎರೆಹುಳುವಿನ ಚೂರು ಸಾಕು. ಆಲಮಟ್ಟಿ ಹಿನ್ನೀರಿನ ಅಂಚಲ್ಲಿ, ಮೊಣಕಾಲುದ್ದ ನೀರು ಇರುವ ಕಡೆ ದಡದಿಂದಲೇ ಹಾಕಿ.

ಅಲ್ಲಿ ಮೊದಲು ಸಿಗುವುದು ಪಕ್ಕೆ, ಅಂದರೆ ಪುಂಟಿಯಸ್ ಗುಂಪಿನ ಪುಟ್ಟ ಮೀನು. ಎಲ್ಲ ಪಕ್ಕೆ ಒಂದೇ ಅಂತ ಎತ್ತಿ ಬಿಟ್ಟುಬಿಡಬೇಡಿ. ಅಂಗೈಯಲ್ಲಿಟ್ಟು ಚುಕ್ಕೆ ನೋಡಿ. ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಬೆನ್ನಿನ ರೆಕ್ಕೆಯ ಬುಡದಲ್ಲಿ ಇನ್ನೊಂದು, ಮೀಸೆ ಇಲ್ಲ ಅಂದರೆ ಅದು ಪುಂಟಿಯಸ್ ಸೊಫೋರೆ. ಕಿವಿರಿನ ಹಿಂದೆ ಒಂದು, ಬಾಲದ ಕಡೆಗೆ ಒಂದು ಚುಕ್ಕೆ ಇದ್ದರೆ ಟಿಕ್ಟೋ ಅನ್ನುವ ಇನ್ನೊಂದು ಜಾತಿ. ಮೈ ದೊಡ್ಡದಾಗಿ ಎರಡು ಜೊತೆ ಮೀಸೆ ಇದ್ದರೆ ಸರಣಾ ಇರಬಹುದು. ಒಂದೇ ಜಾಗದಲ್ಲಿ ಕೂತು ಪಟ್ಟಿ ಬೆಳೆಸಬಹುದು, ನೋಡಿ. ನನಗೆ ಈ ಹವ್ಯಾಸದಲ್ಲಿ ಅತಿ ಖುಷಿ ಕೊಡುವ ಭಾಗವೇ ಇದು.

ಹೊತ್ತು ಮುಳುಗುವಾಗ ಗಾಳವನ್ನು ತಳಕ್ಕೆ ಇಳಿಸಿ. ಆಗ ಗಿರ್ಲು ಅನ್ನುವ ಮೀಸೆಯ ಮೀನು ಬರುತ್ತದೆ. ಕೈಗೆ ಎತ್ತಿಕೊಂಡರೆ ಕಿರ್ ಕಿರ್ ಅನ್ನುತ್ತದೆ. ಬೆನ್ನ ಮೇಲೆ ಒಂದು, ಎರಡು ಪಕ್ಕದಲ್ಲಿ ಒಂದೊಂದು ಮುಳ್ಳು ನೆಟ್ಟಗೆ ನಿಂತಿರುತ್ತವೆ. ಮುಷ್ಟಿ ಹಿಡಿಯಬೇಡಿ. ಹಿಂದಿನಿಂದ ಬೆರಳು ತಂದು, ಪಕ್ಕದ ಮುಳ್ಳುಗಳ ಹಿಂದೆ ಹೆಬ್ಬೆರಳು, ತೋರುಬೆರಳು ಬರುವ ಹಾಗೆ ಹಿಡಿಯಿರಿ. ಚೇಳು ಮೀನಾದರೆ ಕೈಯನ್ನೇ ಹಾಕಬೇಡಿ. ಅದರ ಪಕ್ಕದ ಮುಳ್ಳಿನಲ್ಲಿ ವಿಷ ಇರುತ್ತದೆ, ನೋವು ಜೋರು. ಇಕ್ಕಳದಿಂದ ಕೊಕ್ಕೆ ಬಿಡಿಸಿ. ಚಪ್ಪಲಿ ಮೀನು ಕೂಡ ಸಂಜೆ, ರಾತ್ರಿಯದೇ. ಬೆಳ್ಳಿ ಬಣ್ಣ, ಚಪ್ಪಟೆ ಮೈ, ಹೊಟ್ಟೆಯಿಂದ ಬಾಲದವರೆಗೂ ಒಂದೇ ಉದ್ದನೆ ರೆಕ್ಕೆ. ನೋಡಿದ ತಕ್ಷಣ ಗೊತ್ತಾಗುತ್ತದೆ.

ಖಾನಾಪುರ ಕಡೆಯಿಂದ: ಹಿನ್ನೀರಲ್ಲೇ ಕೂತರೆ ಪಟ್ಟಿ ಒಂದು ಹಂತಕ್ಕೆ ನಿಲ್ಲುತ್ತದೆ. ನಿಂತ ನೀರಿನ ಮೀನೇ ಬೇರೆ, ಹರಿಯುವ ನೀರಿನ ಮೀನೇ ಬೇರೆ. ಮಲಪ್ರಭೆ ಹುಟ್ಟುವುದು ನಮ್ಮ ಕಣಕುಂಬಿಯಲ್ಲಿ. ಮಳೆ ನಿಂತು ನೀರು ತಿಳಿಯಾದ ಮೇಲೆ ಈ ಕಡೆ ಬನ್ನಿ. ಕಲ್ಲುಗಳ ನಡುವೆ ಗಾರಾ ಜಾತಿಯ ಮೀನು ಇರುತ್ತವೆ. ಬಾಯಿಯ ಕೆಳಗಿನ ಬಟ್ಟಲಿನಂಥ ಭಾಗದಿಂದ ಕಲ್ಲಿಗೆ ಕಚ್ಚಿಕೊಂಡು, ಪಾಚಿ ಕೆರೆದು ತಿನ್ನುತ್ತವೆ. ಬೆಂಡು ತೆಗೆದು, ಎರೆಯನ್ನು ಕಲ್ಲಿನ ಪಕ್ಕದಲ್ಲೇ ಉರುಳಿಸಬೇಕು. ತಾಳ್ಮೆ ಬೇಕು, ಆದರೆ ಸಿಗುತ್ತದೆ. ಭೀಮಗಡ ಅಭಯಾರಣ್ಯದೊಳಗೆ ಮಾತ್ರ ಗಾಳ ಹಾಕುವ ಹಾಗಿಲ್ಲ.

ಮಹಶೀರ್ ಅನ್ನುವ ದೊಡ್ಡ ಹೊಳೆಮೀನು ಕೂಡ ನಮ್ಮ ಕೃಷ್ಣಾ ಕೊಳ್ಳದ್ದೇ. ದಖ್ಖನ್ ಮಹಶೀರ್‌ಗೆ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1839ರಲ್ಲಿ ಹೆಸರಿಟ್ಟಿದ್ದು ಪುಣೆ ಹತ್ತಿರದ ಹೊಳೆಯ ಮೀನು ನೋಡಿ. ಆ ನೀರು ಭೀಮೆಗೆ ಸೇರಿ ವಿಜಯಪುರದ ಗಡಿಗೆ ಬರುತ್ತದೆ. ಸಿಕ್ಕರೆ ನೀರಿನಿಂದ ಪೂರ್ತಿ ಎತ್ತದೆ ಫೋಟೋ ತೆಗೆದು ಬಿಡಿ.

ವಿಜಯಪುರದಿಂದ: ಕೆರೆಗಳನ್ನು ಮರೆಯಬೇಡಿ. ಕೃಷ್ಣೆಯ ನೀರು ತಂದು ತುಂಬಿಸಿದ ಮೇಲೆ ನಮ್ಮ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ಆದರೆ ಕೆರೆಯ ಮೀನು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಮೊದಲು ಮೀನುಗಾರರನ್ನು ಕೇಳಿ. ಸುಮ್ನೆ ಗಾಳ ಹಾಕಿ ಕೂತರೆ ಜಗಳ. ಹಿಡಿದು ಬಿಡುತ್ತೇನೆ ಅಂತ ಹೇಳಿದರೆ ಬಹಳ ಜನ ಒಪ್ಪುತ್ತಾರೆ, ಎಲ್ಲಿ ಕೂರಬೇಕು ಅಂತಲೂ ತೋರಿಸುತ್ತಾರೆ.

ಜೊಂಡಿನ ಅಂಚಲ್ಲಿ ಕೊರವ ಮೀನು ನೋಡಿ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಬೇಡವೇ ಬೇಡ. ತಾಯಿ, ತಂದೆ ಕೆಳಗೇ ಕಾಯುತ್ತಿರುತ್ತವೆ. ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ.

ಜಮಖಂಡಿಯಿಂದ: ಕೃಷ್ಣೆಯಲ್ಲಿ ಮೊಸಳೆ ಇವೆ. ನೀರಿಗೆ ಇಳಿದು ನಿಲ್ಲಬೇಡಿ, ಸಂಜೆ ಒಬ್ಬರೇ ಹೋಗಬೇಡಿ, ಮೀನನ್ನು ದಾರಕ್ಕೆ ಕಟ್ಟಿ ನೀರಲ್ಲಿ ಬಿಡಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದರೆ ಹೊಳೆ ಏರುತ್ತದೆ. ಅಲ್ಲಿನ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದ ದಿನ ಮನೆಯಲ್ಲೇ ಇರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಜಿಲೇಬಿ ಹೊರಗಿನ ಮೀನು ಅಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿಯಬಹುದಾ?

ಬಾಗಲಕೋಟೆಯಿಂದ: ಹಿಡಿಯಿರಿ, ಆದರೆ ಪಟ್ಟಿಯಲ್ಲಿ ಬೇರೆ ಸಾಲು ಮಾಡಿ. ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ಹುಲ್ಲುಗೆಂಡೆ, ಬೆಳ್ಳಿಗೆಂಡೆಯೂ ಹೊರಗಿನವೇ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ವಾಪಸ್ ಬಿಡಬೇಡಿ. ಅದರ ಸಾಕಣೆಗೇ ನಿಷೇಧ ಇದೆ, ನಮ್ಮ ಸಣ್ಣ ಮೀನುಗಳನ್ನೆಲ್ಲ ನುಂಗುತ್ತದೆ.